ತಗಡು ಮೀಮಾಂಸೆ: ಹೊಳೆಮಣ್ಣೂರಿನ ಒಂದು ಜೀಪಿನ ನೆತ್ತಿಯನ್ನು ಕುರಿತು

ರೋಣ ತಾಲ್ಲೂಕಿನ ಹೊಳೆಮಣ್ಣೂರಿನಲ್ಲಿ ಹಳೆಯ ಮಹೀಂದ್ರ ಜೀಪೊಂದಕ್ಕೆ ಹೊಸ ಟಾಪ್ ಹಾಕಿಸುವ ಪ್ರಶ್ನೆ ಎದ್ದಿದೆ. ವಿದ್ವತ್ ಲೋಕ ಈವರೆಗೆ ಈ ಕಡೆ ಕಣ್ಣೆತ್ತಿಯೂ ನೋಡಿಲ್ಲವಾದ್ದರಿಂದ ಆ ಕೊರತೆಯನ್ನು ತುಂಬುವ ಭಾರ ಪ್ರಸ್ತುತ ಪ್ರಬಂಧಕಾರನ ಮೇಲೆ ಬಿದ್ದಿದೆ. ಜೀಪಿನ ಮಾಲೀಕರನ್ನು ಶಾಸ್ತ್ರಮರ್ಯಾದೆಗೆ ತಕ್ಕಂತೆ ಯಜಮಾನರು ಎಂದು ಕರೆಯಲಾಗುವುದು.

ಮೊದಲು ಕ್ಷೇತ್ರವಿಚಾರ. ಮಲಪ್ರಭೆಯ ದಂಡೆಯ ಎರಿ ಭೂಮಿಗೆ ಒಂದು ಹದ ಮಳೆ ಬಿದ್ದರೆ ಸಾಕು, ದಾರಿ ಯಾವುದು ಹೊಲ ಯಾವುದು ಎಂಬ ಭೇದ ಅಳಿದುಹೋಗುತ್ತದೆ. ವೇದಾಂತಿಗಳು ಜನ್ಮವಿಡೀ ಸಾಧಿಸಿದರೂ ಸಿಗದ ಈ ಅಭೇದಜ್ಞಾನ ಇಲ್ಲಿಯ ಡ್ರೈವರನಿಗೆ ಜೂನ್ ತಿಂಗಳಲ್ಲಿ ತಾನಾಗಿ ಒದಗುತ್ತದೆ. 2009ರಲ್ಲಿ ಒಮ್ಮೆ, 2019ರಲ್ಲಿ ಮತ್ತೊಮ್ಮೆ ಹೊಳೆಯೇ ಊರೊಳಗೆ ಬಂದುಹೋದ ಮೇಲಂತೂ, ವಾಹನಕ್ಕೆ ಮುಳುಗದ ಭಾಗವೊಂದು ಇರಬೇಕು, ಅದು ಭದ್ರವಾಗಿರಬೇಕು ಎಂಬುದರಲ್ಲಿ ಊರಿಗೆ ಒಮ್ಮತವಿದೆ. ಭಿನ್ನಾಭಿಪ್ರಾಯ ಇರುವುದು ತಗಡಿನಲ್ಲಿ.

ಕಟ್ಟೆಯ ಮೇಲಿನ ಅತಿ ಪ್ರಾಚೀನ ಪಂಥ ತಾಡಪತ್ರಿವಾದಿಗಳದು. ಯುದ್ಧಕಾಲದ ವಿಲ್ಲಿಸ್ ಜೀಪಿನ ನೆತ್ತಿಯ ಮೇಲೆ ಇದ್ದದ್ದು ಬರೀ ಕ್ಯಾನ್ವಾಸ್, ಜಗತ್ತನ್ನೇ ಗೆದ್ದ ಸೈನ್ಯಕ್ಕೆ ಸಾಕಾದದ್ದು ನಿಮಗೇಕೆ ಸಾಲದು ಎಂಬುದು ಇವರ ವಾದ. ಆ ಸೈನ್ಯ ಬಳ್ಳಾರಿ ಜಾಲಿಯ ನಡುವೆ ಹಾಯ್ದಿರಲಿಲ್ಲ ಎಂಬ ಒಂದೇ ಮಾತಿನಿಂದ ಇದು ಖಂಡಿತವಾಗುತ್ತದೆ.

ಪತ್ರಾಸ್‌ವಾದಿಗಳನ್ನು ಅಷ್ಟು ಸುಲಭವಾಗಿ ತಳ್ಳಿಹಾಕಲಾಗದು. ಕಬ್ಬಿಣದ ತಗಡು ಅಗ್ಗ, ಸಂತೆಯ ಊರಲ್ಲೆಲ್ಲ ಸಿಗುತ್ತದೆ, ವೆಲ್ಡಿಂಗಿಗೆ ಬಗ್ಗುತ್ತದೆ. ದೋಷವಿರುವುದು ತೂಕದಲ್ಲಿ. ಒಂದು ಮಿಲಿಮೀಟರ್ ದಪ್ಪದ, ಎಂಟು ಅಡಿಗೆ ನಾಲ್ಕು ಅಡಿಯ ಕಬ್ಬಿಣದ ಹಾಳೆ 23 ಕಿಲೋ ದಾಟಿದರೆ, ಅಷ್ಟೇ ಅಳತೆಯ ಅಲ್ಯೂಮಿನಿಯಂ 8 ಕಿಲೋ. ನೆತ್ತಿ ಭಾರವಾದಷ್ಟೂ ಬದು ಹತ್ತಿಸುವಾಗ ಜೀಪು ಒಂದು ಮಗ್ಗುಲಿಗೆ ವಾಲುತ್ತದೆ. ತಲೆಭಾರದಿಂದ ಉರುಳಿದವರ ಉದಾಹರಣೆಗಳು ಇತಿಹಾಸದಲ್ಲಿ ಹೇರಳವಾಗಿವೆ.

ಉಳಿದದ್ದು ಅಲ್ಯೂಮಿನಿಯಂ. ಇದರ ಕುಲಗೋತ್ರ ದೊಡ್ಡದು. 1884ರಲ್ಲಿ ಅಮೆರಿಕದವರು ವಾಷಿಂಗ್ಟನ್ ಸ್ಮಾರಕದ ತುದಿಗೆ ಕಳಸವಾಗಿ ಇಟ್ಟದ್ದು ಇದನ್ನೇ, ಆಗ ಅದು ಅಷ್ಟು ದುಬಾರಿ ಲೋಹ. ಎರಡೇ ವರ್ಷಕ್ಕೆ ಹಾಲ್ ಮತ್ತು ಹೆರೂ ಎಂಬಿಬ್ಬರು ಕರೆಂಟಿನಿಂದ ಅದನ್ನು ತೆಗೆಯುವ ಉಪಾಯ ಕಂಡುಹಿಡಿದು ಅಡುಗೆಮನೆಗೆ ಇಳಿಸಿಬಿಟ್ಟರು. 1948ರಲ್ಲಿ ಬಂದ ಲ್ಯಾಂಡ್ ರೋವರಿನ ಮೈಯೆಲ್ಲ ಅಲ್ಯೂಮಿನಿಯಂ ಮಿಶ್ರಲೋಹ. ಕಾರಣ, ಯುದ್ಧ ಮುಗಿದ ಇಂಗ್ಲೆಂಡಿನಲ್ಲಿ ಕಬ್ಬಿಣಕ್ಕೆ ಬರ. ಸಿಗದ್ದನ್ನು ಬಿಟ್ಟು ಸಿಕ್ಕಿದ್ದನ್ನು ಸಿದ್ಧಾಂತ ಮಾಡಿಕೊಳ್ಳುವ ರೂಢಿ ನಮ್ಮಲ್ಲಿ ಮಾತ್ರ ಇಲ್ಲವೆಂಬುದು ಸಮಾಧಾನದ ಸಂಗತಿ.

ಇಷ್ಟನ್ನು ಯಜಮಾನರು ಕಟ್ಟೆಯ ಮೇಲೆ ಮಂಡಿಸಿದಾಗ ಹಿರಿಯರೊಬ್ಬರು ಎತ್ತಿದ ಆಕ್ಷೇಪ ಹೀಗಿತ್ತು:

“ಯಾಕೋ ತಮ್ಮಾ, ಜರ್ಮನ್ ಬೋಗುಣಿ ಬಡದು ಜೀಪಿನ ತಲಿಮ್ಯಾಲ ಬೋರಲ ಹಾಕಾಂವ ಅದಿ ಏನ?”

“ಹಂಗಲ್ಲ ಕಾಕಾ, ಇದು ಬ್ಯಾರೆ ನಂಬರಿಂದು.”

“ನಂಬರ್ ಏನರ ಇರವಲ್ದ್ಯಾಕ. ಮ್ಯಾಲ ನಾಕ ಮಂದಿ ಕುಂತರ ತಡೀತೈತೇನು?”

ನಂಬರಿನ ವಿಚಾರ ಹೀಗಿದೆ. 1100 ಎಂಬುದು ಬಹುತೇಕ ಶುದ್ಧ ಅಲ್ಯೂಮಿನಿಯಂ, ಮೆತ್ತಗೆ, ಬೆರಳೂರಿದರೆ ತಗ್ಗು. ಕಾಕಾನ ಬೋಗುಣಿ ಈ ಬಳಗದ್ದೇ. 6061-ಟಿ6 ಗಟ್ಟಿಮುಟ್ಟು, ಆದರೆ ಮಳೆನೀರು ಇಳಿಯಲೆಂದು ಅಂಚು ಮಡಿಸಹೋದರೆ ಬಾಗುವ ಬದಲು ಸೀಳುತ್ತದೆ. (ಗ್ರಾಮ ಪಂಚಾಯಿತಿ ರಾಜಕೀಯದಲ್ಲೂ ಈ ಗ್ರೇಡಿನವರು ಇರುತ್ತಾರೆ.) ಮೆಗ್ನೀಸಿಯಂ ಬೆರೆತ 5052-ಎಚ್32 ಮಾತ್ರ ಬಾಗುತ್ತದೆ, ಸೀಳುವುದಿಲ್ಲ, ಉಪ್ಪುನೀರಿಗೂ ಜಗ್ಗುವುದಿಲ್ಲ. ಗುಜರಿಯಲ್ಲಿ ಕೊಳ್ಳುವವರು ಪ್ರಮಾಣಗಳ ಮೊರೆ ಹೋಗಬೇಕು. ಆಯಸ್ಕಾಂತ ಅಂಟಿದರೆ ಅದು ಕಬ್ಬಿಣ, ಇದು ಪ್ರತ್ಯಕ್ಷ. ಅಂಟದಿದ್ದರೆ ಅಲ್ಯೂಮಿನಿಯಂ ಇರಬಹುದು, ಇದು ಅನುಮಾನ. ಯಾವ ನಂಬರಿನದು ಎಂಬುದಕ್ಕೆ ಅಂಗಡಿಯವನ ಮಾತೇ ಗತಿ, ಆಪ್ತವಾಕ್ಯವೆಂದು ನಂಬತಕ್ಕದ್ದು.

ಇನ್ನು ಕೂಡಿಸುವ ಕಷ್ಟ. ಊರಿನ ಸಾದಾ ವೆಲ್ಡಿಂಗ್ ಇಲ್ಲಿ ನಡೆಯದು. ಈ ತಗಡು ತನ್ನ ಮೈಮೇಲೆ ಕಣ್ಣಿಗೆ ಕಾಣದ ಆಕ್ಸೈಡ್ ಪೊರೆ ಹೊದ್ದಿರುತ್ತದೆ. ಪೊರೆ ಕರಗಲು 2,000 ಡಿಗ್ರಿಗೂ ಮೇಲೆ ಬೇಕು, ಒಳಗಿನ ಲೋಹ 660 ಡಿಗ್ರಿಗೇ ನೀರು. ಮೇಲೆ ಏನೂ ಆಗಿಲ್ಲವೆಂದು ವೆಲ್ಡರ್ ಇನ್ನಷ್ಟು ಕಾಯಿಸುತ್ತಾನೆ, ನೋಡನೋಡುತ್ತ ತೂತು ಬೀಳುತ್ತದೆ. ಆರ್ಗಾನ್ ವೆಲ್ಡಿಂಗಿಗೆ ಗದಗಕ್ಕೋ ಹುಬ್ಬಳ್ಳಿಗೋ ಒಯ್ಯಬೇಕು, ಇಲ್ಲವೇ ರಿವಿಟ್ ಹೊಡೆಯಬೇಕು. ರಿವಿಟ್ಟಿನದೂ ಒಂದು ಕಥೆ. ಮುಂಜಾನೆಯಿಂದ ಮಟಮಟ ಮಧ್ಯಾಹ್ನಕ್ಕೆ ತಗಡಿನ ಬಿಸಿ 40 ಡಿಗ್ರಿ ಏರಿದರೆ ಎಂಟು ಅಡಿ ಅಲ್ಯೂಮಿನಿಯಂ ಎರಡು ಮಿಲಿಮೀಟರಿಗೂ ಮಿಕ್ಕಿ ಹಿಗ್ಗುತ್ತದೆ, ಕೆಳಗಿನ ಕಬ್ಬಿಣದ ಪೈಪು ಅದರ ಅರ್ಧ. ತೂತು ಉದ್ದುದ್ದ ಕೊರೆಯದಿದ್ದರೆ ರಿವಿಟ್ ಸಡಿಲಾಗುತ್ತದೆ. ಎರಡು ಲೋಹಗಳ ನಡುವೆ ಹಸಿ ಸೇರಿದರೆ ಸೆಲ್ಲಿನೊಳಗೆ ನಡೆಯುವ ಕ್ರಿಯೆಯೇ ಅಲ್ಲೂ ನಡೆದು ತಗಡು ಪುಡಿಪುಡಿಯಾಗುತ್ತದೆ, ಆದ್ದರಿಂದ ನಡುವೆ ರಬ್ಬರ್ ಪಟ್ಟಿ ಕಡ್ಡಾಯ.

ಹಾಳೆಯ ಅಗಲ ನಾಲ್ಕು ಅಡಿ, ಈ ಜೀಪಿಗೆ ಬೇಕಾದದ್ದು ಅದಕ್ಕಿಂತ ಹೆಚ್ಚು, ಆದ್ದರಿಂದ ನಡುವೆ ಜೋಡು ಬರಲೇಬೇಕು. ಸೋರುವುದು ಅಲ್ಲೇ. ಪರಿಹಾರಕ್ಕೆ ಇದೇ ಹೊಳೆಯ ಗುಂಟ ಕೆಳಗಿಳಿದು ಐಹೊಳೆಯ ಲಾಡಖಾನ್ ಗುಡಿಯ ಮಾಡು ನೋಡಬೇಕು. ಇಳಿಜಾರಾಗಿ ಹಾಸಿದ ಕಲ್ಲುಚಪ್ಪಡಿಗಳ ಪ್ರತಿ ಜೋಡಿನ ಮೇಲೂ ಉದ್ದನೆಯ ಕಲ್ಲಿನ ಪಟ್ಟಿ ಕೂರಿಸಿದ್ದಾರೆ. ಸಿಲಿಕೋನ್ ಟ್ಯೂಬ್ ಕಾಣದ ಚಾಲುಕ್ಯರಿಗೆ ಹೊಳೆದದ್ದು ಇಂದಿನ ಗ್ಯಾರೇಜುಗಳಿಗೆ ಇನ್ನೂ ಹೊಳೆದಿಲ್ಲ.

ಕಾನೂನುಪಕ್ಷವೂ ಉಂಟು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು, ಅದರ ಮೇಲೆ 2019ರ ಜನವರಿಯ ಸುಪ್ರೀಂ ಕೋರ್ಟ್ ತೀರ್ಪು, ಎರಡೂ ವಾಹನದ ಮೂಲರೂಪ ಬದಲಿಸುವುದನ್ನು ಒಪ್ಪುವುದಿಲ್ಲ. ಗದಗಿನ ಆರ್‌ಟಿಒ ಕಚೇರಿಯಲ್ಲಿ ಕೇಳದೆ ತಗಡಿಗೆ ಕತ್ತರಿ ಹಾಕಬಾರದು. 123ನೇ ಕಲಮಂತೂ ವಾಹನದ ನೆತ್ತಿಯ ಮೇಲೆ ಕೂತು ಹೋಗುವುದನ್ನೇ ನಿಷೇಧಿಸುತ್ತದೆ. ಕಾಕಾನ ಪ್ರಶ್ನೆ ಹೀಗೆ ಕಾನೂನಿನ ಪ್ರಕಾರ ಹುಟ್ಟುವುದೇ ಇಲ್ಲ. ಆದರೆ ಜಾತ್ರೆಯ ಕುಸ್ತಿ ನೋಡಲು ನಿಂತ ಜೀಪಿನ ಮೇಲೆ ಹುಡುಗರು ಹತ್ತುತ್ತಾರೆ, ಉಳ್ಳಾಗಡ್ಡಿ ಚೀಲ ಏರುತ್ತವೆ, ಹೊಳೆ ಬಂದರೆ ಮನೆಯ ಸಾಮಾನೂ ಏರುತ್ತದೆ.

ಆದ್ದರಿಂದ ನಿರ್ಣಯ: 5052-ಎಚ್32, ಎರಡು ಮಿಲಿಮೀಟರ್, ಹಾಳೆಗೆ 16 ಕಿಲೋ, ಕೆಳಗೆ ಅಡಿಗೊಂದು ಚೌಕ ಪೈಪು. ಹತ್ತುವವರು ದಯವಿಟ್ಟು ಕೆಸರಿನ ಚಪ್ಪಲಿ ಕೆಳಗೇ ಬಿಟ್ಟು, ರಿವಿಟ್ ಸಾಲು ನೋಡಿಕೊಂಡು ಪೈಪಿನ ಮೇಲೇ ಕಾಲಿಡಬೇಕಾಗಿ ವಿನಂತಿ.