ಕಿವಿ ಕಾಕಾ

ಶಹಾಪುರದ ಚಹಾದಂಗಡಿ ಮುಂದೆ ಗಾಡಿ ನಿಲ್ಲಿಸಿದರೆ ನೀವು ಬಾನೆಟ್ ಎತ್ತಬೇಕಾಗಿಲ್ಲ, ಕಾಕಾ ಕಿವಿ ಎತ್ತುತ್ತಾರೆ. ಊರಾಚೆ ಬೆಟ್ಟಸಾಲಿನ ರೂಪದಲ್ಲಿ ಬುದ್ಧ ಮಲಗಿದ್ದಾನೆ, ಕಾಕಾ ಮಲಗುವವರಲ್ಲ. ಮೆಕ್ಯಾನಿಕ್ಕೂ ಅಲ್ಲ, ಡ್ರೈವರೂ ಅಲ್ಲ, ಪಾನಾ ಹಿಡಿದದ್ದನ್ನು ಕಂಡವರಿಲ್ಲ. ಇಂಥವರು ಯಾದಗಿರಿಯಲ್ಲಿ ಒಬ್ಬರಿದ್ದರೆ ಸುರಪುರದಲ್ಲಿ ಇಬ್ಬರು. ಅಲ್ಲಿ ಏರು ಹೆಚ್ಚು, ಗಾಡಿ ನರಳುವುದೂ ಹೆಚ್ಚು.

ಹತ್ತಿ ಸಾಗಿಸುವ ನನ್ನ ಪಿಕಪ್ಪು ಸ್ಟೇರಿಂಗ್ ತಿರುಗಿಸಿದಾಗಲೆಲ್ಲ ‘ಕುಂಯ್’ ಅನ್ನತೊಡಗಿತು. ಎಕ್ಸಿಲೇಟರ್ ಒತ್ತಿದಷ್ಟೂ ಶ್ರುತಿ ಏರುವುದು. ಕಾಕಾ ತತ್ವಪದ ಕೇಳುವವರಂತೆ ಕಣ್ಣು ಮುಚ್ಚಿ, “ಬೇರಿಂಗ್ ಹೋಗ್ಯದ” ಅಂದರು. ಸುಸಲಾ ಬಂದಾಗ ಪಂಪು ಹೋಗಿತ್ತು. ಮಿರ್ಚಿ ಮುಗಿಯುವ ಹೊತ್ತಿಗೆ, “ಗಾಡಿನೇ ಮಾರಿಬಿಡ್ರಿ ಸೌಕಾರ್ರ.” ದುಡ್ಡು ನಾನೇ ಕೊಟ್ಟೆ.

ಸ್ಟೇರಿಂಗ್ ಆಯಿಲ್ ಡಬ್ಬಿಯ ಮುಚ್ಚಳ ತೆಗೆದರೆ ಎಣ್ಣೆ ಕೆಳಗೆರೆಗಿಂತ ಇಳಿದಿದೆ, ಮೇಲೆ ಮಜ್ಜಿಗೆ ಕಡೆದಂತೆ ನೊರೆ. “ಬ್ರೇಕ್ ಆಯಿಲ್ ಹಾಕ್ರಿ, ಎಣ್ಣಿ ಎಲ್ಲಾ ಒಂದೇ.” ಪುಣ್ಯಕ್ಕೆ ಹಾಕಲಿಲ್ಲ. ಹಾಕಿದ್ದರೆ ಒಳಗಿನ ರಬ್ಬರ್ ಸೀಲು ಕೆಟ್ಟು ಕಾಕಾರ ಭವಿಷ್ಯವಾಣಿ ನಿಜವಾಗುತ್ತಿತ್ತು.

ಇದರ ನಡುವೆ, ದಿನಾ ಬೆಳಿಗ್ಗೆ ಗಾಡಿ ಕೆಳಗೆ ಕೆಂಪು ಕಲೆ. “ಕ್ಲೀನರ್ ಹುಡುಗನ ಗುಟ್ಕಾ!” ಎಂದು ಕಾಕಾ ತೀರ್ಪಿತ್ತರು. ಹುಡುಗ ನಾಚಿ ನಾಲ್ಕು ದಿನ ಗುಟ್ಕಾ ಬಿಟ್ಟ. ಕಲೆ ಬಿಡಲಿಲ್ಲ. “ರಾತ್ರಿ ಎದ್ದು ಉಗುಳ್ತಾನ್ರಿ.”

ಭೀಮಾ ಸೇತುವೆ ದಾಟಿ ಯಾದಗಿರಿಯ ಮೆಕ್ಯಾನಿಕ್ ಬಳಿ ಒಯ್ದೆ. ಅಲ್ಲಿ ಗಾಡಿ ಸ್ವಲ್ಪ ಹೊತ್ತು ನಿಂತ ಜಾಗದಲ್ಲೂ ಕೆಂಪು ಹನಿ ಬಿದ್ದಿತ್ತು. ಆತ ಬೆರಳಿಂದ ಮುಟ್ಟಿ, ಹೆಬ್ಬೆರಳಿಗೆ ಉಜ್ಜಿ, ಮೂಸಿದ. ಜಿಡ್ಡು. ಡಬ್ಬಿಯಿಂದ ಪಂಪಿಗೆ ಹೋಗುವ ಪೈಪಿನ ಕ್ಲಿಪ್ಪು ಸಡಿಲಾಗಿತ್ತು. ಗಾಡಿ ನಿಂತಾಗ ಅಲ್ಲಿಂದ ಎಣ್ಣೆ ತೊಟ್ಟಿಕ್ಕುತ್ತದೆ, ಓಡುವಾಗ ಪಂಪು ಅಲ್ಲಿಂದಲೇ ಗಾಳಿ ಎಳೆಯುತ್ತದೆ. ಕುಂಯ್‌ಗುಟ್ಟಿದ್ದು ಆ ಗಾಳಿ. ಹೊಸ ಕ್ಲಿಪ್ಪು ಬಿಗಿದು, ಎಣ್ಣೆ ತುಂಬಿ, ಮುಂದಿನ ಚಕ್ರಗಳನ್ನು ಜಾಕ್ ಮೇಲೆತ್ತಿ, ಇಂಜಿನ್ ಆರಿಸಿಟ್ಟೇ ಸ್ಟೇರಿಂಗನ್ನು ಆ ತುದಿಯಿಂದ ಈ ತುದಿಗೆ ಹತ್ತಾರು ಸಲ ತಿರುಗಿಸಿ ಗಾಳಿ ಬಿಡಿಸಿದ. “ಪೂರಾ ತಿರುಗಿಸಿ ಹಿಡಕೊಂಡು ನಿಲ್ಲಬ್ಯಾಡ್ರಿ, ಪಂಪು ಕಾಯ್ತದ.” ಆತ ಆಡಿದ್ದು ಅಷ್ಟೇ ಮಾತು.

ಮರುದಿನ ಚಹಾದಂಗಡಿ ಮುಂದೆ ಗಾಡಿ ಸದ್ದಿಲ್ಲದೆ ತಿರುಗಿತು. ಕಾಕಾ ಕಿವಿಗೊಟ್ಟರು, ಏನೂ ಸಿಗಲಿಲ್ಲ, ಮುಖ ಸಪ್ಪಗಾಯಿತು. ಕಳಂಕ ಕಳೆದ ಖುಷಿಗೆ ಎರಡು ಪೊಟ್ಟಣ ಒಟ್ಟಿಗೇ ಬಾಯಿಗೆ ಸುರಿದುಕೊಂಡಿದ್ದ ಹುಡುಗ ಮುಂದಿನ ಚಕ್ರದ ಮಗ್ಗುಲಿಗೆ ಪಿಚಕ್ಕನೆ ಉಗುಳಿದ. ಕಾಕಾ ಬಗ್ಗಿ ನೋಡಿದವರೇ ಅರಳಿದರು:

“ನೋಡ್ರಿ ಸೌಕಾರ್ರ, ಮತ್ತ ಲೀಕ್ ಆಗಲಕತ್ತದ. ನಾ ಆವಾಗೇ ಹೇಳೀನಿ, ಪಂಪ್ ಹೋಗ್ಯದ!”