ಕ್ವಿಜ್ ಮಾವ

ನಮ್ಮ ಬಳಗದ ಮದುವೆಗಳಲ್ಲಿ ಎಲೆಯ ಮುಂದೆ ಕೂರುವ ಮೊದಲು ಎಲ್ಲರೂ ಒಮ್ಮೆ ಇಣುಕಿ ನೋಡುತ್ತೇವೆ, ಕ್ವಿಜ್ ಮಾವ ಯಾವ ಸಾಲಿನಲ್ಲಿದ್ದಾರೆ ಅಂತ. ಅವರ ಪಕ್ಕದ ಎಲೆ ಸಿಕ್ಕಿದರೆ ಮುಗಿಯಿತು, ಕೋಸಂಬರಿಗಿಂತ ಮುಂಚೆ ಪ್ರಶ್ನೆ ಬಡಿಸಿಬಿಡುತ್ತಾರೆ.

ಹೊರಗೆ ಜನರೇಟರ್ ಗುಡುಗಿದರೆ, "ಡೀಸೆಲ್ ಅನ್ನೋದು ಎಣ್ಣೆ ಹೆಸರೋ, ಮನುಷ್ಯನ ಹೆಸರೋ?" 1913ರಲ್ಲಿ ಇಂಗ್ಲೆಂಡಿಗೆ ಹೊರಟ ಹಡಗಿನಿಂದ ರಾತ್ರೋರಾತ್ರಿ ಕಾಣೆಯಾದ ರುಡಾಲ್ಫ್ ಡೀಸೆಲ್‌ನನ್ನು ಸಾರಿನಿಂದ ಪಾಯಸದವರೆಗೂ ನಮ್ಮಿಂದ ಹುಡುಕಿಸುತ್ತಾರೆ.

ತಪ್ಪು ಉತ್ತರ ಹೇಳುವವರನ್ನು ಕಂಡರೆ ಮಾವನಿಗೆ ಬಹಳ ಅಕ್ಕರೆ. ಸರಿ ಉತ್ತರ ಹೇಳಿದವರ ಗತಿ ಬೇರೆ. ಮಂಗಳೂರಿನ ಮದುವೆಯೊಂದರಲ್ಲಿ ಸ್ಯಾಕ್ಸೋಫೋನ್ ಕಛೇರಿ. ಏಳನೇ ಕ್ಲಾಸಿನ ಹುಡುಗಿ, "ಕಂಡುಹಿಡಿದವನು ಅಡಾಲ್ಫ್ ಸ್ಯಾಕ್ಸ್ ಅಜ್ಜ, ಬೆಲ್ಜಿಯಂನವನು, 1846ರಲ್ಲಿ ಪೇಟೆಂಟ್" ಎಂದು ಒಂದೇ ಉಸಿರಿಗೆ ಒಪ್ಪಿಸಿದಳು. ಮಾವನ ಮುಖ ಉಪ್ಪಿಲ್ಲದ ಪಲ್ಯವಾಯಿತು. ಕ್ಷಣ ಬಿಟ್ಟು ಚೇತರಿಸಿಕೊಂಡರು. "ಅದು ಕರೆಯೋ ಹೆಸರು ಪುಟ್ಟಿ. ಇಟ್ಟ ಹೆಸರು ಆಂಟ್ವಾನ್ ಜೋಸೆಫ್. ಅರ್ಧ ಮಾರ್ಕು."

ಹೊತ್ತುಗೊತ್ತು ಅವರಿಗಿಲ್ಲ. ತಾಳಿ ಕಟ್ಟಿ ಇನ್ನೂ ಬೆವರು ಒರೆಸಿಕೊಳ್ಳುತ್ತಿದ್ದ ಮದುಮಗನಿಗೆ ಅಕ್ಷತೆ ಹಾಕಿ, "ಗಿಲೋಟಿನ್ ರೂಪಿಸಿದವರು ಯಾರು?" ಎಂದರು. ಆ ಬಡಪಾಯಿ "ಗಿಲೋಟಿನ್" ಅಂದ. ಮಾವ ಕುಣಿಯುವುದೊಂದು ಬಾಕಿ! ಡಾಕ್ಟರ್ ಗಿಲೋಟಿನ್ ಸಲಹೆ ಕೊಟ್ಟದ್ದಷ್ಟೇ, ರೂಪಿಸಿದ್ದು ಆಂಟ್ವಾನ್ ಲೂಯಿ ಎಂಬ ಇನ್ನೊಬ್ಬ ಡಾಕ್ಟರ್. ವಧುವಿನ ಅಪ್ಪ ಅವರನ್ನು ಮೆಲ್ಲಗೆ ಊಟದ ಹಾಲಿಗೆ ನಡೆಸಿಕೊಂಡು ಹೋದರು.

ಕಳೆದ ತಿಂಗಳು ನಮ್ಮ ಬೀದಿ ಅಗೆಯಲು ಜೆಸಿಬಿ ಬಂತು. ನಿಂತು ನೋಡುವ ಜನರಿಗೆ ಕೊರತೆಯೇ? ಮಾವ ಡ್ರೈವರನ್ನೇ ಹಿಡಿದರು. "ಜೆಸಿಬಿ ಅಂದ್ರೆ ಏನಪ್ಪ?"

"ಗಂಟೆಗೆ ಸಾವಿರದಿನ್ನೂರು ಸಾರ್."

ಜೋಸೆಫ್ ಸಿರಿಲ್ ಬ್ಯಾಮ್‌ಫರ್ಡ್ 1945ರಲ್ಲಿ ಇಂಗ್ಲೆಂಡಿನಲ್ಲಿ ಕಂಪನಿ ಶುರು ಮಾಡಿದ ಕಥೆಯನ್ನು ಯಂತ್ರದ ಸದ್ದಿಗೂ ಮೇಲೆ ಕೂಗಿ ಹೇಳಿ, ದನಿ ಕಳೆದುಕೊಂಡು ಮನೆಗೆ ಬಂದರು.

ಒಳಗೆ ಅತ್ತೆ ಅರ್ಧ ರುಬ್ಬಿದ ಚಟ್ನಿಯ ಮುಂದೆ ಕೂತಿದ್ದರು. "ಮಿಕ್ಸಿ ಕೆಟ್ಟಿದೆ. ಕಂಡುಹಿಡಿದವನ ಹೆಸರು ಬೇಡ, ರಿಪೇರಿ ಮಾಡೋನ ಹೆಸರು ಹೇಳಿ."

"ಪಾಸ್," ಎಂದರು ಮಾವ.