ಕ್ಲಚ್ಚೂ ಭದ್ರಾವತಿಯ ಭಾವನೂ

ಸಾಗರ ರಸ್ತೆಯಲ್ಲಿ ಗಾಡಿ ಬದಿಗೆ ಹಾಕಿ ಬಾನೆಟ್ ಎತ್ತಿದರೆ ಸಾಕು, ಕರೆಯದೆಯೇ ಜನ ಬರುತ್ತಾರೆ. ಅದೂ ತ್ಯಾವರೆಕೊಪ್ಪದ ಹುಲಿ-ಸಿಂಹಧಾಮದ ಎದುರಾದರೆ ಕೇಳಲೇಬೇಡಿ. 1988ರಿಂದ ಅಲ್ಲಿಗೆ ಬರುವವರೆಲ್ಲ ನೋಡಲೆಂದೇ ಬರುವವರು. ಹುಲಿ ಪೊದೆಯೊಳಗೆ ಮಲಗಿಬಿಟ್ಟಿದ್ದರೆ ಕೆಟ್ಟು ನಿಂತ ಕ್ವಾಲಿಸ್ ಆದರೂ ಆದೀತು. ಸಫಾರಿ ಮುಗಿಸಿ ಬಂದ ಸಂಸಾರವೊಂದು ಮಂಡಕ್ಕಿ ಪೊಟ್ಟಣ ಸಮೇತ ನಮ್ಮನ್ನು ಸುತ್ತುವರಿಯಿತು. "ಬ್ಯಾಟರಿ ಇರಬೇಕು" ಅಂದರು ಒಬ್ಬರು. "ಡೀಸೆಲ್ ಉಂಟಾ ನೋಡಿ" ಅಂದರು ಇನ್ನೊಬ್ಬರು. ಎಂಜಿನ್ ಪಾಡಿಗೆ ಎಂಜಿನ್ ಗುಡುಗುಡು ಓಡುತ್ತಲೇ ಇತ್ತು.

ಕೆಟ್ಟದ್ದು ಕ್ಲಚ್ಚು. ಪೆಡಲ್ ಒತ್ತಿದರೆ ನೆಲ ಮುಟ್ಟಿ ಅಲ್ಲೇ ಮಲಗುತ್ತಿತ್ತು. ಚಪ್ಪಲಿಯ ತುದಿಯಿಂದ ಎಬ್ಬಿಸಬೇಕು. ರಿವರ್ಸ್ ಹಾಕಹೋದರೆ ಗೇರ್ ಬಾಕ್ಸ್ ಹಲ್ಲು ಕಡಿಯುತ್ತಿತ್ತು.

ಪಕ್ಕದಲ್ಲಿದ್ದ ಭಾವ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. 1923ರಲ್ಲಿ ಅಲ್ಲಿ ಕುಲುಮೆ ಹೊತ್ತಿದ ದಿನದಿಂದ ಲೋಕದ ಲೋಹಕ್ಕೆಲ್ಲ ತಮ್ಮೂರಿನವರೇ ಹೊಣೆ ಎಂದು ನಂಬಿದವರು. ಇಳಿಯದೆ, ಬಗ್ಗದೆ, ಕೂತಲ್ಲಿಂದಲೇ ತೀರ್ಪು ಕೊಟ್ಟರು: "ಪ್ಲೇಟ್ ಹೋಗಿದೆ ಮಾರಾಯ. ಗೇರ್ ಬಾಕ್ಸ್ ಇಳಿಸ್ಬೇಕು."

ಗೇರ್ ಬಾಕ್ಸ್ ಇಳಿಸುವುದೆಂದರೆ ಹಳೆಯ ಗಾಡಿಯವನ ಒಂದು ತಿಂಗಳ ಸಂಬಳವೂ ಜೊತೆಗೆ ಇಳಿದ ಹಾಗೆಯೇ. ಅದಕ್ಕೇ ಮೊದಲು ನಂಬಬೇಕಾದದ್ದು ಭಾವನನ್ನಲ್ಲ, ಎಣ್ಣೆಯ ಡಬ್ಬಿಯನ್ನು. ಬಿಡದಿಯಲ್ಲಿ 2000ದಿಂದ 2005ರವರೆಗೆ ತಯಾರಾದ ಈ ಕ್ವಾಲಿಸ್‌ನ ಕ್ಲಚ್ಚಿಗೆ ಕೇಬಲ್ ಇಲ್ಲ. ಒಂದೇ ಕೊಳವೆಗೆ ಸಿಕ್ಕಿಸಿದ ಎರಡು ಸಿರಿಂಜುಗಳ ಹಾಗೆ ಪೆಡಲಿನ ಬಳಿ ಮಾಸ್ಟರ್ ಸಿಲಿಂಡರ್, ಗೇರ್ ಬಾಕ್ಸ್ ಪಕ್ಕದಲ್ಲಿ ಸ್ಲೇವ್ ಸಿಲಿಂಡರ್. ನಾವು ಮೇಲೆ ಒತ್ತಿದ್ದು ಎಣ್ಣೆಯ ಮೂಲಕ ಕೆಳಗೆ ತಲುಪಿ ಕ್ಲಚ್ ಬಿಡಿಸುವ ಫೋರ್ಕನ್ನು ತಳ್ಳುತ್ತದೆ. ಪ್ಯಾಸ್ಕಲ್ ಎಂಬ ಫ್ರೆಂಚ್ ಮಹಾಶಯ ಹದಿನೇಳನೇ ಶತಮಾನದಲ್ಲೇ ಕಂಡುಕೊಂಡ ತತ್ತ್ವ. ಎಣ್ಣೆ ಒತ್ತಿದರೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಕೊಳವೆಯಲ್ಲಿ ಒಂದು ಗುಳ್ಳೆ ಸೇರಿತೋ, ನಮ್ಮ ಕಾಲಿನ ಬಲವೆಲ್ಲ ಆ ಗುಳ್ಳೆಯನ್ನು ಹಿಸುಕುವುದರಲ್ಲೇ ಮುಗಿಯುತ್ತದೆ.

ಪೆಡಲನ್ನು ಪಟಪಟನೆ ತುಳಿದೆ, ಸ್ವಲ್ಪ ಗಟ್ಟಿಯಾಯಿತು. ಅಂದರೆ ಗಾಳಿ ಹೊಕ್ಕಿದೆ, ಇಲ್ಲವೇ ರಬ್ಬರ್ ಸವೆದಿದೆ. ಡಬ್ಬಿಯಲ್ಲಿ ಎಣ್ಣೆ ತಳ ಕಂಡಿತ್ತು. ಎಣ್ಣೆ ಅಷ್ಟೇ ಇದ್ದೂ ಪೆಡಲ್ ಕುಸಿದರೆ ಮೇಲಿನ ಸಿಲಿಂಡರಿನ ಒಳಗೇ ಹಿಂದಕ್ಕೆ ಜಾರುತ್ತಿದೆ ಎಂದರ್ಥ; ಎಣ್ಣೆಯೇ ಇಳಿದಿದ್ದರೆ ಎಲ್ಲೋ ಹೊರಗೆ ಸೋರಿದೆ. ಗಾಡಿಯಡಿ ನುಸುಳಿ ಸ್ಲೇವ್ ಸಿಲಿಂಡರಿನ ರಬ್ಬರ್ ಟೋಪಿ ಸರಿಸಿದ್ದೇ ತಡ, ಕಪ್ಪು ದ್ರವ ಮಣಿಕಟ್ಟಿನಿಂದ ಮೊಣಕೈವರೆಗೆ ಹರಿಯಿತು. ಮುಟ್ಟಿದರೆ ಜಾರು, ಹಿಚುಕಿದರೆ ಹಳೆಯ ರಬ್ಬರಿನ ಪುಡಿ. ಈ ಎಣ್ಣೆ ಗಾಳಿಯ ತೇವವನ್ನು ಕುಡಿಯುವಂಥದ್ದು. ಒಣಗಿದ್ದಾಗ ಡಾಟ್ 3 ಎಣ್ಣೆ 205 ಡಿಗ್ರಿಗೆ ಕುದಿಯಬೇಕು ಎಂಬುದು ಕನಿಷ್ಠ ಅಳತೆ. ತೇವ ಕುಡಿದ ಮೇಲೆ 140. ಮಲೆನಾಡಿನ ಮಳೆಗಾಲದಲ್ಲಿ ಕುಡಿಯಲು ಅದಕ್ಕೆ ಬರವೇ?

ಇನ್ನು ಮೇಸ್ತ್ರಿಯ ಬಳಿ ಹೋಗುವ ಬಗೆ. ಎಂಜಿನ್ ಆರಿಸಿ, ಒಂದನೇ ಗೇರಿಗೆ ಹಾಕಿ, ಹಾಗೆಯೇ ಚಾವಿ ತಿರುಗಿಸಬೇಕು. ಗಾಡಿ ಕುಪ್ಪಳಿಸಿ ಹೊರಟಿತು. ಮಂಡಕ್ಕಿ ಸಂಸಾರದ ಮಕ್ಕಳು ಚಪ್ಪಾಳೆ ತಟ್ಟಿದರು. ವೇಗ ನೋಡಿ, ಆಕ್ಸಿಲರೇಟರ್ ಬಿಟ್ಟು, ಗೇರನ್ನು ಮೆಲ್ಲಗೆ ಎರಡಕ್ಕೆ ಜಾರಿಸಿದೆ. ಆಮೇಲೆ ನಿಲ್ಲುವ ಹಾಗಿಲ್ಲ. ಅಡ್ಡ ಬಂದ ಎಮ್ಮೆಗಳು ದಾಟುವವರೆಗೂ ಭಾವ ಕಿಟಕಿಯಿಂದ ಕೈ ಹೊರಹಾಕಿ ಅವಕ್ಕೆ ಸರ ಸರ ಹೋಗಿ ಎಂದು ವಿನಂತಿಸುತ್ತಿದ್ದರು.

ಆಟೋ ಕಾಂಪ್ಲೆಕ್ಸಿನ ಮೇಸ್ತ್ರಿ ಬಗ್ಗಿ ನೋಡಿ ಒಂದೇ ಮಾತು ಹೇಳಿದ: "ಎರಡಕ್ಕೂ ಕಿಟ್ ಹಾಕಣ ಸಾರ್. ಕೆಳಗಿಂದು ಮಾತ್ರ ಹೊಸದು ಮಾಡಿದ್ರೆ, ಆ ಪ್ರೆಶರಿಗೆ ಮುಂದಿನ ತಿಂಗಳು ಮೇಲಿಂದು ಬಿಟ್ಕೊಳ್ತದೆ." ಬೆರಳ ತುದಿಯಷ್ಟು ರಬ್ಬರ್ ಬಟ್ಟಲುಗಳು. ಇಷ್ಟು ಕಬ್ಬಿಣದ ಗಾಡಿ ಇಷ್ಟೇ ಇಷ್ಟು ರಬ್ಬರಿಗೆ ನಿಂತದ್ದು ಭಾವನಿಗೆ ಸುತರಾಂ ಒಪ್ಪಿಗೆಯಾಗಲಿಲ್ಲ.

ನಿಜವಾದ ಕಷ್ಟ ಶುರುವಾದದ್ದು ಏರ್ ತೆಗೆಯುವಾಗ. ಅದಕ್ಕೆ ಇಬ್ಬರು ಬೇಕು. ಮೇಲಿನವನು ಪೆಡಲ್ ಹೊಡೆದು ಒತ್ತಿ ಹಿಡಿಯಬೇಕು. ಕೆಳಗಿನವನು ನಿಪ್ಪಲ್ ಸಡಿಲಿಸಿ, ಗುಳ್ಳೆ ಹೊರಬಿಟ್ಟು, ಮತ್ತೆ ಬಿಗಿಯಬೇಕು. ಬಿಗಿಯುವ ಮೊದಲೇ ಮೇಲಿನವನು ಕಾಲು ತೆಗೆದರೆ ಹೋದ ಗಾಳಿ ವಾಪಸು. ಭಾವ ತಾವೇ ಕೂತರು.

"ಹೊಡೀರಿ... ಹಿಡ್ಕಳಿ!"

"ಹಿಡಿದಿದೀನಿ" ಎನ್ನುತ್ತ ಭಾವ ಕಾಲು ತೆಗೆದು, ಬಾಗಿಲಾಚೆ ಬಗ್ಗಿ, "ಬಂತಾ ಏರು?" ಎಂದು ವಿಚಾರಿಸಿದರು. ನಿಪ್ಪಲಿಗೆ ಸಿಕ್ಕಿಸಿದ್ದ ಪಾರದರ್ಶಕ ಪೈಪಿನಲ್ಲಿ ಗುಳ್ಳೆಗಳು ಸಾಲಾಗಿ ಹಿಂದಕ್ಕೆ ಹೊರಟವು. ಮೇಸ್ತ್ರಿ ಏನೋ ಅಂದ. ಗಾಡಿಯಡಿಯಿಂದ ಸರಿಯಾಗಿ ಕೇಳಿಸದೇ ಇದ್ದದ್ದು ಒಳ್ಳೆಯದೇ ಆಯಿತು. ಇದೇ ನಾಟಕ ಹಲವು ಸಲ ನಡೆದು ಡಾಟ್ 3 ಬಾಟಲಿ ಬರಿದಾಗುತ್ತ ಬಂದಾಗ ಹಿಂದಿನ ಸೀಟಿನಿಂದ ಅಕ್ಕ ಇಳಿದಳು. "ನೀವು ಏಳಿ" ಎಂದಳು. ಭಾವ ಎದ್ದರು.

ಅಕ್ಕ ಸೆರಗು ಸಿಕ್ಕಿಸಿ ಕೂತು, ಹೊಡಿ ಅಂದಾಗ ಹೊಡೆದು, ಹಿಡಿ ಅಂದಾಗ ಹಿಡಿದು, ಬಿಡಿ ಅನ್ನುವ ತನಕ ಬಿಡಲಿಲ್ಲ. ಗುಳ್ಳೆ ನಿಂತು ಶುದ್ಧ ಎಣ್ಣೆ ಬಂತು, ಪೆಡಲ್ ಮೇಲಕ್ಕೆದ್ದಿತು.

"ಗೇರ್ ಬಾಕ್ಸ್ ಇಳಿಸೋದು ಬೇಡ ಅಂತ ನನಗೆ ಮೊದಲೇ ಅನಿಸಿತ್ತು" ಎಂದರು ಭಾವ.

ಲೆಕ್ಕ ಚುಕ್ತಾ ಮಾಡುವಾಗ ಅಕ್ಕ ಮೇಸ್ತ್ರಿಯನ್ನು ತಡೆದಳು: "ಅರ್ಧ ಕೆಲಸ ನಾನು ಮಾಡಿದ್ದಲ್ವಾ? ಕೂಲೀಲಿ ಮುರ್ಕಳಿ." ಅವನು ತಲೆ ಕೆರೆದು ನೂರು ರೂಪಾಯಿ ಬಿಟ್ಟ. ಆಮೇಲೆ ಭಾವನ ಕಡೆ ನೋಡಿ, ಅವರು ಚೆಲ್ಲಿಸಿದ ಎಣ್ಣೆಯ ಲೆಕ್ಕಕ್ಕೆ ಅದನ್ನೇ ಮತ್ತೆ ಸೇರಿಸಿದ.